ಜೀವಿಗೆ ವೈಜ್ಞಾನಿಕ ಹೆಸರು ಬರುವ ದಾರಿ: ಗುರುತಿಸುವುದರಿಂದ ಹೆಸರಿಡುವವರೆಗೆ ಸಮಗ್ರ ಮಾರ್ಗದರ್ಶಿ

ಹೊಂಗೆ ಮರದ ವೈಜ್ಞಾನಿಕ ಹೆಸರು ಹುಡುಕಲು ಹೊರಟವರಿಗೆ ನಾಲ್ಕು ಉತ್ತರ ಸಿಗುತ್ತವೆ. ಹಳೆಯ ಪುಸ್ತಕಗಳಲ್ಲಿ ಪೊಂಗೇಮಿಯ ಗ್ಲೇಬ್ರ. ಉದ್ಯಾನಗಳ ಫಲಕದಲ್ಲಿ ಪೊಂಗೇಮಿಯ ಪಿನ್ನೇಟ. ಕೆಲವು ಸಸ್ಯಪಟ್ಟಿಗಳಲ್ಲಿ ಡೆರಿಸ್ ಇಂಡಿಕ, ಇನ್ನು ಕೆಲವು ಸಂಶೋಧನಾ ಲೇಖನಗಳಲ್ಲಿ ಮಿಲೆಟಿಯ ಪಿನ್ನೇಟ. ಮರ ಮಾತ್ರ ಒಂದೇ. ಇದನ್ನು ಕಂಡ ಎಷ್ಟೋ ವಿದ್ಯಾರ್ಥಿಗಳು ವಿಜ್ಞಾನಿಗಳು ಮನಸ್ಸಿಗೆ ಬಂದಂತೆ ಹೆಸರು ಬದಲಿಸುತ್ತಾರೆ ಎಂದುಕೊಂಡು ಕೈಬಿಡುತ್ತಾರೆ. ಹಾಗೇನಿಲ್ಲ. ಆ ನಾಲ್ಕರಲ್ಲಿ ಪ್ರತಿಯೊಂದಕ್ಕೂ ಒಂದು ಇತಿಹಾಸವಿದೆ, ಅವುಗಳಲ್ಲಿ ಯಾವುದು ಉಳಿಯಬೇಕು ಎಂದು ತೀರ್ಮಾನಿಸಲು ಬರೆದಿಟ್ಟ ನಿಯಮಗಳಿವೆ. ಆ ನಿಯಮಗಳನ್ನು ಯಾರು ಬೇಕಾದರೂ ಕಲಿಯಬಹುದು.

ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು, ಹಕ್ಕಿ-ಕಪ್ಪೆ-ಗಿಡಗಳ ಹಿಂದೆ ಬಿದ್ದ ಹವ್ಯಾಸಿಗಳು ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇನೆ. ಕಂಡ ಜೀವಿಯನ್ನು ದಾಖಲಿಸುವುದು, ಗುರುತಿಸುವುದು, ಬಂಧುಬಳಗದಲ್ಲಿ ಅದರ ಜಾಗ ಹುಡುಕುವುದು, ಸರಿಯಾದ ಹೆಸರು ತಲುಪುವುದು, ಅದು ನಿಜಕ್ಕೂ ಹೊಸತಾಗಿದ್ದರೆ ಹೆಸರಿಡುವುದು ಇದೇ ಕ್ರಮ.

ಮೊದಲು ಮೂರು ಕೆಲಸಗಳನ್ನು ಬೇರ್ಪಡಿಸಿಕೊಳ್ಳಿ

ಗುರುತಿಸುವುದು ಒಂದು ಕೆಲಸ: ಕೈಯಲ್ಲಿರುವ ಜೀವಿ ಈಗಾಗಲೇ ಗೊತ್ತಿರುವ ಯಾವ ಪ್ರಭೇದಕ್ಕೆ ಸೇರಿದ್ದು ಎಂದು ಪತ್ತೆಹಚ್ಚುವುದು. ವರ್ಗೀಕರಿಸುವುದು ಇನ್ನೊಂದು: ಯಾವ ಪ್ರಭೇದ ಯಾವುದಕ್ಕೆ ಹತ್ತಿರದ ನೆಂಟ ಎಂದು ತೀರ್ಮಾನಿಸುವುದು. ಹೆಸರಿಡುವುದು ಮೂರನೆಯದು. ಗೊಂದಲಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಮೂರನ್ನು ಕಲಸಿದಾಗ. ವರ್ಗೀಕರಣ ಒಂದು ವೈಜ್ಞಾನಿಕ ವಾದ, ಪುರಾವೆ ಬದಲಾದರೆ ಅದು ಬದಲಾಗಲೇಬೇಕು. ನಾಮಕರಣ ಒಂದು ಕಾನೂನು, ಅದರ ಗುರಿ ಹೆಸರುಗಳು ಸ್ಥಿರವಾಗಿರುವಂತೆ ನೋಡಿಕೊಳ್ಳುವುದು. ವಾದ ಬದಲಾದಾಗ ಕಾನೂನಿನ ಪ್ರಕಾರ ಹೆಸರು ಹೊಂದಿಕೊಳ್ಳುತ್ತದೆ.

ಕಾನೂನು ಒಂದೇ ಇಲ್ಲ. ಪ್ರಾಣಿಗಳಿಗೊಂದು ಸಂಹಿತೆ, ಸಸ್ಯ-ಪಾಚಿ-ಶಿಲೀಂಧ್ರಗಳಿಗೊಂದು, ಬ್ಯಾಕ್ಟೀರಿಯಗಳಿಗೊಂದು, ವೈರಸ್‌ಗಳಿಗೆ ಪ್ರತ್ಯೇಕ ಸಮಿತಿ. ಪ್ರಾಣಿಗಳ ಹೆಸರಿನ ಲೆಕ್ಕ ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಪ್ರಕಟಿಸಿದ ಸಿಸ್ಟೆಮಾ ನೇಚುರೇ ಗ್ರಂಥದ 10ನೇ ಆವೃತ್ತಿಯಿಂದ ಶುರು. ಬಹುಪಾಲು ಸಸ್ಯಗಳ ಲೆಕ್ಕ 1753ರ ಅವರದೇ ಸ್ಪೀಶೀಸ್ ಪ್ಲಾಂಟೇರಮ್‌ನಿಂದ ಶುರು. ಅದಕ್ಕಿಂತ ಹಿಂದಿನ ಹೆಸರುಗಳಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಬ್ಯಾಕ್ಟೀರಿಯದವರು ಹಳೆಯ ಕಸವನ್ನೆಲ್ಲ ಗುಡಿಸಿ 1980ರ ಜನವರಿ 1ರಿಂದ ಹೊಸ ಲೆಕ್ಕ ಆರಂಭಿಸಿದರು.

ಈ ಸಂಹಿತೆಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆಯುತ್ತವೆ. ಆಲ, ಅರಳಿ, ಅತ್ತಿ ಮರಗಳ ಕುಲ ಫೈಕಸ್. ಸಮುದ್ರದಲ್ಲಿರುವ ಒಂದು ಜಾತಿಯ ಶಂಖಗಳ ಕುಲವೂ ಫೈಕಸ್ಸೇ. ಎರಡೂ ಸರಿ. ಒಂದೇ ಸಂಹಿತೆಯೊಳಗೆ ಎರಡು ಕುಲಗಳಿಗೆ ಒಂದೇ ಹೆಸರು ಬಂದರೆ ಮಾತ್ರ ತಕರಾರು.

ಹಂತ 1: ದಾಖಲಿಸಿ

ಹೆಸರು ಆಮೇಲೆ ಹುಡುಕಬಹುದು, ದಾಖಲೆ ಆ ಕ್ಷಣದಲ್ಲೇ ಆಗಬೇಕು. ಎಲ್ಲಿ, ಯಾವಾಗ, ಸಮುದ್ರಮಟ್ಟದಿಂದ ಎಷ್ಟು ಎತ್ತರ, ಎಂಥ ಪರಿಸರ, ಯಾರು ನೋಡಿದರು ಈ ಐದು ಇಲ್ಲದ ಚಿತ್ರ ಎಷ್ಟು ಸುಂದರವಾಗಿದ್ದರೂ ವರ್ಗೀಕರಣದ ಕೆಲಸಕ್ಕೆ ಅರ್ಧ ಮಾತ್ರ ಉಪಯೋಗ.

ಗಿಡವಾದರೆ ಹೂವಿನ ಚಿತ್ರ ಒಂದೇ ಸಾಲದು. ಎಲೆಯ ಮೇಲ್ಭಾಗ, ತಳಭಾಗ, ಎಲೆ ಕಾಂಡಕ್ಕೆ ಸೇರುವ ಜಾಗ, ತೊಗಟೆ, ಕಾಯಿ, ಕಿತ್ತಾಗ ಹಾಲು ಬರುತ್ತದೆಯೇ ಎನ್ನುವುದು ಎಲ್ಲ ಬೇಕು. ಹೂವಿನ ಬಣ್ಣ, ವಾಸನೆ, ಮರದ ಎತ್ತರ ಇವು ಒಣಗಿಸಿದ ಮಾದರಿಯಲ್ಲಿ ಉಳಿಯುವುದಿಲ್ಲ, ಆದ್ದರಿಂದ ಅಲ್ಲೇ ಬರೆದುಕೊಳ್ಳಿ. ಕಪ್ಪೆಯಾದರೆ ಬೆರಳುಗಳ ನಡುವಿನ ಜಾಲಪೊರೆ, ಬೆರಳ ತುದಿಯ ಬಿಲ್ಲೆ, ಹೊಟ್ಟೆಯ ಬಣ್ಣ, ತೊಡೆಯ ಹಿಂಭಾಗದ ಗುರುತು ನೋಡಿ, ಎಲ್ಲಕ್ಕಿಂತ ಮಿಗಿಲಾಗಿ ಕೂಗನ್ನು ಧ್ವನಿಮುದ್ರಿಸಿ. ಕಪ್ಪೆಗಳಲ್ಲಿ ಹೆಣ್ಣು ತನ್ನ ಪ್ರಭೇದದ ಗಂಡನ್ನು ಗುರುತಿಸುವುದು ಕೂಗಿನಿಂದ, ಹಾಗಾಗಿ ಅದು ಬಣ್ಣಕ್ಕಿಂತ ಗಟ್ಟಿಯಾದ ಸಾಕ್ಷಿ. 2016ರಲ್ಲಿ ನಮ್ಮ ಕರಾವಳಿಯಿಂದ ಯೂಫ್ಲಿಕ್ಟಿಸ್ ಕರಾವಳಿ ಎಂಬ ಹೆಸರಿನಲ್ಲಿ ವಿವರಿಸಲಾದ ಕಪ್ಪೆಯನ್ನು ಎತ್ತಿ ತೋರಿಸಿದ್ದು ಮಿಂಚುಳ್ಳಿಯನ್ನು ಹೋಲುವ ಅದರ ಕೂಗು.

ಜೊತೆಗೆ ಸ್ಥಳೀಯರು ಅದನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಕೊಚ್ಚಿಯ ಡಚ್ ಗವರ್ನರ್ ಆಗಿದ್ದ ಹೆಂಡ್ರಿಕ್ ವಾನ್ ರೀಡ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರತಂದ ಹೊರ್ಟಸ್ ಮಲಬಾರಿಕಸ್, ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರಂಥವರ ಅರಿವಿನ ಮೇಲೆ ನಿಂತ ಗ್ರಂಥ. ಲಿನೇಯಸ್ ಅದನ್ನು ಬಳಸಿದರು. ಹೊಂಗೆಗೆ ಅದರಲ್ಲಿದ್ದ ಹೆಸರು ಪೊಂಗಂ, ಪೊಂಗೇಮಿಯ ಕುಲದ ಹೆಸರು ಬಂದದ್ದು ಅಲ್ಲಿಂದ.

ಒಂದು ಎಚ್ಚರಿಕೆ. ನೋಡುವುದಕ್ಕೂ ಚಿತ್ರ ತೆಗೆಯುವುದಕ್ಕೂ ಸಂಗ್ರಹಿಸುವುದಕ್ಕೂ ವ್ಯತ್ಯಾಸವಿದೆ. ಕಾಡಿನಿಂದ ಮಾದರಿ ತರಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿಯನ್ನು ಮುಟ್ಟುವ ಮುನ್ನ ಎರಡು ಸಲ ಯೋಚಿಸಿ. ಹವ್ಯಾಸಿಗಳು ಚಿತ್ರ, ಧ್ವನಿ, ಟಿಪ್ಪಣಿಗಳಲ್ಲೇ ನಿಲ್ಲಬೇಕು. ಮಾದರಿ ಬೇಕೆನಿಸಿದರೆ ಅನುಮತಿ ಇರುವ ಸಂಶೋಧಕರನ್ನು ಜೊತೆಗೆ ಕರೆದುಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹಂತ 2: ಕೀ ಹಿಡಿದು ಗುರುತಿಸಿ

ಕೀ ಎಂದರೆ ಪ್ರತಿ ಹೆಜ್ಜೆಯಲ್ಲಿ ಎರಡು ಹೇಳಿಕೆ ಕೊಟ್ಟು ಒಂದನ್ನು ಆರಿಸಿಕೊಳ್ಳಲು ಹೇಳುವ ಪಟ್ಟಿ. ಬಳಸುವುದನ್ನು ಕಲಿಯಲು ಅತ್ಯುತ್ತಮ ಉಪಾಯ ನೀವೇ ಒಂದನ್ನು ಬರೆಯುವುದು. ಊರಿನ ಮೂರು ಮರಗಳಿಂದ ಶುರುಮಾಡೋಣ.

1 ಅ. ಹಣ್ಣುಗಳು ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲೆ ಗೊಂಚಲಾಗಿ ಬಿಡುತ್ತವೆ: ಅತ್ತಿ, ಫೈಕಸ್ ರೆಸಿಮೋಸ
1 ಆ. ಹಣ್ಣುಗಳು ಎಲೆಯ ಕಂಕುಳಲ್ಲಿ ಬಿಡುತ್ತವೆ: 2ಕ್ಕೆ ಹೋಗಿ
2 ಅ. ಎಲೆಯ ತುದಿ ಉದ್ದನೆಯ ಬಾಲದಂತೆ ಚಾಚಿದೆ: ಅರಳಿ, ಫೈಕಸ್ ರಿಲಿಜಿಯೋಸ
2 ಆ. ಎಲೆಯ ತುದಿ ಮೊಂಡು, ಕೊಂಬೆಗಳಿಂದ ಬಿಳಲು ಇಳಿದಿದೆ: ಆಲ, ಫೈಕಸ್ ಬೆಂಗಾಲೆನ್ಸಿಸ್

ಈ ಕೀಯ ದೌರ್ಬಲ್ಯ ನೋಡಿ. ಗೋಣಿ ಮರವನ್ನೋ ಬಸರಿ ಮರವನ್ನೋ ಇದರ ಮುಂದೆ ನಿಲ್ಲಿಸಿದರೆ ಅದು ತಪ್ಪು ಉತ್ತರವನ್ನೇ ಧೈರ್ಯವಾಗಿ ಕೊಡುತ್ತದೆ, ಏಕೆಂದರೆ ಅವು ಪಟ್ಟಿಯಲ್ಲೇ ಇಲ್ಲ. ಪ್ರತಿಯೊಂದು ಕೀ ತನ್ನೊಳಗಿರುವ ಪ್ರಭೇದಗಳಿಗೆ ಮಾತ್ರ ಸರಿ. ಮೊಬೈಲ್‌ನಲ್ಲಿ ಚಿತ್ರ ನೋಡಿ ಹೆಸರು ಹೇಳುವ ಆಪ್‌ಗಳಿಗೂ ಇದೇ ಮಿತಿಯಿದೆ. ಅವು ಕಲಿತಿರುವ ಪ್ರಭೇದಗಳಾಚೆ ಅವುಗಳಿಗೆ ಲೋಕವಿಲ್ಲ. ಆದ್ದರಿಂದ ಕೀ ಕೊಟ್ಟ ಉತ್ತರವನ್ನು ಆ ಪ್ರಭೇದದ ಪೂರ್ಣ ವಿವರಣೆಯೊಂದಿಗೆ ಸಾಲುಸಾಲಾಗಿ ಹೋಲಿಸಿ, ಆಮೇಲೆ ಸಂಗ್ರಹಾಲಯದ ಮಾದರಿಯೊಂದಿಗೆ ಹೋಲಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆಸಿಬಿ ಹರ್ಬೇರಿಯಂನಲ್ಲಿ ಕರ್ನಾಟಕದ ಗಿಡಗಳ ಒಣಹಾಳೆಗಳಿವೆ. ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ ಸಲ್ದಾನ ಮತ್ತು ನಿಕೊಲ್ಸನ್ 1976ರಲ್ಲಿ ತಂದ ಗ್ರಂಥ ಮಲೆನಾಡಿನ ಗಿಡ ಹುಡುಕುವವರಿಗೆ ಇಂದಿಗೂ ಕೈಪಿಡಿ.

ಹಂತ 3: ಬಂಧುಬಳಗದಲ್ಲಿ ಜಾಗ ಹುಡುಕಿ

ಶಾಲೆಯಲ್ಲಿ ಕಲಿತ ಏಣಿ ಎಲ್ಲರಿಗೂ ನೆನಪಿರುತ್ತದೆ: ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಕುಲ, ಪ್ರಭೇದ. ನಾಗರಹಾವಿಗೆ ಹಚ್ಚಿದರೆ ಪ್ರಾಣಿ ಸಾಮ್ರಾಜ್ಯ, ಕಾರ್ಡೇಟ ವಂಶ, ಸರೀಸೃಪ ವರ್ಗ, ಸ್ಕ್ವಮೇಟ ಗಣ, ಇಲಾಪಿಡೀ ಕುಟುಂಬ, ನಾಜ ಕುಲ, ಕೊನೆಗೆ ಪ್ರಭೇದ ನಾಜ ನಾಜ. ಹೆಸರಿನ ಬಾಲ ನೋಡಿದರೂ ಸ್ವಲ್ಪ ತಿಳಿಯುತ್ತದೆ. ಪ್ರಾಣಿ ಕುಟುಂಬದ ಹೆಸರು ‘ಇಡೀ’ ಎಂದೂ ಸಸ್ಯ ಕುಟುಂಬದ್ದು ‘ಏಸೀ’ ಎಂದೂ ಮುಗಿಯುತ್ತದೆ.

ಏಣಿ ಉಪಯುಕ್ತ, ಆದರೆ ಅದರ ಮೆಟ್ಟಿಲುಗಳು ನಿಸರ್ಗದಲ್ಲಿಲ್ಲ. ನಿಸರ್ಗದಲ್ಲಿರುವುದು ವಂಶವೃಕ್ಷ. ಜರ್ಮನಿಯ ಕೀಟತಜ್ಞ ವಿಲ್ಲಿ ಹೆನ್ನಿಗ್ 1950ರಲ್ಲಿ ಮುಂದಿಟ್ಟ ಕಟ್ಟುನಿಟ್ಟಾದ ಸೂತ್ರ ಇದು: ಒಂದು ಗುಂಪಿಗೆ ಹೆಸರು ಕೊಡುವುದಾದರೆ ಅದರಲ್ಲಿ ಒಬ್ಬ ಪೂರ್ವಜ ಮತ್ತು ಆ ಪೂರ್ವಜನ ಸಂತತಿ ಎಲ್ಲವೂ ಇರಬೇಕು, ಯಾರನ್ನೂ ಹೊರಗಿಡಬಾರದು. ಈ ಸೂತ್ರದಿಂದ ನೋಡಿದರೆ ಸರೀಸೃಪ ವರ್ಗವೇ ಅಲುಗಾಡುತ್ತದೆ. ಮೊಸಳೆ ಹಲ್ಲಿಗಿಂತ ಹಕ್ಕಿಗೆ ಹತ್ತಿರದ ನೆಂಟ. ಹಕ್ಕಿಗಳನ್ನು ಹೊರಗಿಟ್ಟು ಮೊಸಳೆ, ಹಲ್ಲಿ, ಹಾವುಗಳನ್ನಷ್ಟೇ ಒಟ್ಟುಗೂಡಿಸಿದರೆ ವಂಶದ ಒಂದು ಕವಲನ್ನು ಕತ್ತರಿಸಿ ಎಸೆದಂತೆ.

ಸಂಬಂಧ ಹುಡುಕುವಾಗ ಹೋಲಿಕೆಗಳನ್ನೆಲ್ಲ ಸಮಾನವಾಗಿ ಎಣಿಸಬೇಡಿ. ಮಲೆನಾಡಿನ ತೋಟದ ಮಣ್ಣು ಅಗೆದಾಗ ಎರೆಹುಳುವಿನಂತೆ ಉಂಗುರ ಉಂಗುರವಾದ, ಕಾಲಿಲ್ಲದ ಸಿಸಿಲಿಯನ್ ಎಂಬ ಜೀವಿ ಕಾಣಸಿಗುತ್ತದೆ. ನೋಡಿದವರು ಅದನ್ನು ಎರೆಹುಳು ಎನ್ನುತ್ತಾರೆ, ದೊಡ್ಡದಾಗಿದ್ದರೆ ಹಾವು ಎಂದು ಹೊಡೆಯುತ್ತಾರೆ. ಅದಕ್ಕೆ ಬೆನ್ನುಮೂಳೆಯಿದೆ, ಚರ್ಮ ಒದ್ದೆ, ಅದು ಉಭಯವಾಸಿ, ಕಪ್ಪೆಯ ದೂರದ ನೆಂಟ. ಕಾಲು ಕಳೆದುಕೊಳ್ಳುವುದು ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ನಡೆದಿದೆ, ಆದ್ದರಿಂದ ಕಾಲಿಲ್ಲದಿರುವುದು ಸಂಬಂಧದ ಸಾಕ್ಷಿಯಲ್ಲ. ಸಮಾನ ಪೂರ್ವಜನಿಂದ ಹೊಸದಾಗಿ ಬಂದು ಹಂಚಿಕೊಂಡ ಲಕ್ಷಣ ಮಾತ್ರ ಸಾಕ್ಷಿ. ಹಕ್ಕಿಯ ಗರಿ ಅಂಥದ್ದು, ಸಸ್ತನಿಗಳ ಕೂದಲು ಅಂಥದ್ದು.

ಈಗ ಡಿಎನ್‌ಎ ಈ ಕೆಲಸದ ದೊಡ್ಡ ಪಾಲನ್ನು ಹೊತ್ತಿದೆ. ಪ್ರಾಣಿಗಳಲ್ಲಿ ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳ ತುಣುಕನ್ನು ಗುರುತಿನ ಪಟ್ಟಿಯಂತೆ ಬಳಸಬಹುದು ಎಂದು ಕೆನಡದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಕಪ್ಪೆಗಳಿಗೆ 16ಎಸ್ ಜೀನ್ ಹೆಚ್ಚು ಬಳಕೆಯಲ್ಲಿದೆ, ಗಿಡಗಳಿಗೆ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ. ಹಿಂದೆ ವರ್ಬಿನೇಸೀ ಕುಟುಂಬದಲ್ಲಿದ್ದ ತೇಗ ಈಗ ತುಳಸಿಯ ಕುಟುಂಬವಾದ ಲೇಮಿಯೇಸೀಗೆ ಬಂದಿದೆ. ಎಕ್ಕದ ಗಿಡದ ಆಸ್ಕ್ಲಿಪಿಯಡೇಸೀ ಕುಟುಂಬ ಕಣಗಿಲೆಯ ಕುಟುಂಬವಾದ ಎಪೊಸೈನೇಸೀಯಲ್ಲಿ ಕರಗಿದೆ. ಬೂರುಗದ ಕುಟುಂಬ ದಾಸವಾಳದ ಮಾಲ್ವೇಸೀಗೆ ಸೇರಿದೆ. ಹೂಬಿಡುವ ಸಸ್ಯಗಳಿಗೆ ಈಗ ಬಹಳ ಮಂದಿ ಅನುಸರಿಸುವುದು ಆಂಜಿಯೋಸ್ಪರ್ಮ್ ಫೈಲೊಜೆನಿ ಗ್ರೂಪ್ ಎಂಬ ಸಸ್ಯತಜ್ಞರ ತಂಡದ ಎಪಿಜಿ ಪದ್ಧತಿಯನ್ನು. 2016ರ ನಾಲ್ಕನೇ ಆವೃತ್ತಿಯಲ್ಲಿ ಅದು 64 ಗಣ, 416 ಕುಟುಂಬಗಳನ್ನು ಒಪ್ಪುತ್ತದೆ. ಹಳೆಯ ಪಠ್ಯ ಓದಿದವರು ಈ ಬದಲಾವಣೆಗಳನ್ನು ಪಟ್ಟಿಮಾಡಿಕೊಳ್ಳುವುದು ಒಳ್ಳೆಯದು.

ಹಂತ 4: ಇದು ಬೇರೆ ಪ್ರಭೇದವೇ ಎಂದು ಪರೀಕ್ಷಿಸಿ

ಇಲ್ಲಿ ಅವಸರ ಮಾಡಿದವರೇ ಹೆಚ್ಚು. ಒಂದು ಜೀವಿ ಯಾವ ವಿವರಣೆಗೂ ಹೊಂದುತ್ತಿಲ್ಲ ಎಂದಾಕ್ಷಣ ಅದು ಹೊಸದಲ್ಲ. ಗಂಡು-ಹೆಣ್ಣಿನ ವ್ಯತ್ಯಾಸವಿರಬಹುದು, ಮರಿಯಿರಬಹುದು, ಋತುವಿನ ಬಣ್ಣವಿರಬಹುದು, ನೆರಳಲ್ಲಿ ಬೆಳೆದ ಗಿಡವಿರಬಹುದು. ಜೀವವಿಜ್ಞಾನಿ ಅರ್ನ್‌ಸ್ಟ್ ಮಾಯರ್ 1942ರಲ್ಲಿ ಕೊಟ್ಟ ವ್ಯಾಖ್ಯೆಯಂತೆ, ತಮ್ಮೊಳಗೆ ಸಂತಾನ ಪಡೆಯುವ, ಇತರ ಗುಂಪುಗಳಿಂದ ಸಂತಾನದ ಮಟ್ಟಿಗೆ ಬೇರ್ಪಟ್ಟ ಜೀವಿಸಮೂಹ ಒಂದು ಪ್ರಭೇದ. ಕೇಳಲು ಸ್ಪಷ್ಟ, ಕಾಡಿನಲ್ಲಿ ಪರೀಕ್ಷಿಸಲು ಕಷ್ಟ. ಗಂಡಿಲ್ಲದೆಯೇ ಸಂತಾನ ಪಡೆಯುವ ಜೀವಿಗಳಿಗಂತೂ ಅನ್ವಯಿಸುವುದೇ ಇಲ್ಲ. ಆದ್ದರಿಂದ ಇಂದಿನ ರೂಢಿ ಒಂದಕ್ಕಿಂತ ಹೆಚ್ಚು ಸಾಕ್ಷಿಗಳನ್ನು ಒಟ್ಟಿಗಿಡುವುದು.

ಇದಕ್ಕೆ ನಮ್ಮಲ್ಲೇ ಒಂದು ಚಂದದ ನಿದರ್ಶನವಿದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ತೊರೆಗಳಲ್ಲಿ ನಿಕ್ಟಿಬಟ್ರಾಕಸ್ ಕುಲದ ಇರುಳುಗಪ್ಪೆಗಳಿವೆ. ಈ ಕುಲ ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಅಲ್ಲಿ ಒಂದು ಕಪ್ಪೆಯ ಗಂಡು, ಹೆಣ್ಣು ಮೊಟ್ಟೆಯಿಟ್ಟ ಬಳಿಕ ಮುಂಗೈಗಳಲ್ಲಿ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಕಪ್ಪೆಗಳಲ್ಲಿ ಆವರೆಗೆ ದಾಖಲಾಗಿರದ ವರ್ತನೆ ಇದು. ಅದೇ ತೊರೆಗಳಲ್ಲಿ 2011ರಲ್ಲಿ ಹೆಸರು ಪಡೆದ ನಿಕ್ಟಿಬಟ್ರಾಕಸ್ ಜೋಗ್ ಕೂಡ ಇದೆ. ಒಂದೇ ಜಾಗದಲ್ಲಿ ಬದುಕುತ್ತ ಕೂಡ ಎರಡೂ ಬೆರೆಯದೆ ಉಳಿದಿವೆ ಎಂಬುದು ಅವು ಬೇರೆ ಪ್ರಭೇದಗಳೆನ್ನಲು ದೊಡ್ಡ ಬಲ. ಗುರುರಾಜ, ದಿನೇಶ್, ಪ್ರೀತಿ ಮತ್ತು ರವಿಕಾಂತ್ 2014ರಲ್ಲಿ ದೇಹಲಕ್ಷಣ, ಡಿಎನ್‌ಎ, ವರ್ತನೆಗಳನ್ನು ಒಟ್ಟಿಗೆ ಇಟ್ಟು ಈ ಕಪ್ಪೆಯನ್ನು ವಿವರಿಸಿ ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು.

ಡಿಎನ್‌ಎ ವ್ಯತ್ಯಾಸ ಇಷ್ಟು ಶೇಕಡ ದಾಟಿದರೆ ಹೊಸ ಪ್ರಭೇದ ಎಂಬ ಸಿದ್ಧ ಗೆರೆಯನ್ನು ನಂಬಿ ಕೂರಬೇಡಿ. ಒಂದು ಗುಂಪಿನಲ್ಲಿ ಕೆಲಸ ಮಾಡುವ ಗೆರೆ ಇನ್ನೊಂದರಲ್ಲಿ ಮಾಡುವುದಿಲ್ಲ. ಜೊತೆಗೆ ಸಾರ್ವಜನಿಕ ಡಿಎನ್‌ಎ ಭಂಡಾರಗಳಲ್ಲಿ ತಪ್ಪು ಹೆಸರಿನಡಿ ಸೇರಿಸಿದ ಅನುಕ್ರಮಗಳೂ ಇವೆ. ಹೋಲಿಕೆಗೆ ಮೊದಲು ಬಂದ ಫಲಿತಾಂಶವನ್ನೇ ಉತ್ತರವೆಂದು ಬರೆದುಕೊಳ್ಳಬಾರದು.

ಹಂತ 5: ಹಳೆಯ ಹೆಸರುಗಳ ಕಡತ ಬಿಚ್ಚಿ

ನನ್ನ ಮಟ್ಟಿಗೆ ಇಡೀ ಕೆಲಸದ ಹೃದಯ ಇದು. ಹೊಸ ಹೆಸರಿಡುವ ಮುನ್ನ ಆ ಗುಂಪಿಗೆ ಇದುವರೆಗೆ ಯಾರು ಯಾರು ಯಾವ ಯಾವ ಹೆಸರಿಟ್ಟಿದ್ದಾರೆ ಎಂದು ಲಿನೇಯಸ್‌ನಿಂದ ಈಚೆಗೆ ಎಲ್ಲವನ್ನೂ ಹುಡುಕಬೇಕು. ನಿಯಮ ಸರಳ: ಒಂದೇ ಜೀವಿಗೆ ಎರಡು ಹೆಸರಿದ್ದರೆ ಮೊದಲು ಸರಿಯಾಗಿ ಪ್ರಕಟವಾದದ್ದೇ ಗೆಲ್ಲುತ್ತದೆ, ಉಳಿದವು ಸಿನಾನಿಮ್‌ಗಳು.

ಹೊಂಗೆಗೆ ಬರೋಣ. ಲಿನೇಯಸ್ 1753ರಲ್ಲಿ ಇದನ್ನು ಸೈಟಿಸಸ್ ಪಿನ್ನೇಟಸ್ ಎಂದು ಕರೆದರು. ಅದು ಸೈಟಿಸಸ್ ಅಲ್ಲ ಎಂದು ಮುಂದೆ ಸ್ಪಷ್ಟವಾಯಿತು. ಕುಲ ಬದಲಾದರೂ ಲಿನೇಯಸ್ ಕೊಟ್ಟ ಎರಡನೇ ಪದ ಉಳಿಯಲೇಬೇಕು ಎನ್ನುತ್ತದೆ ನಿಯಮ. ಹಾಗಾಗಿ ಅದು ಪೊಂಗೇಮಿಯ ಪಿನ್ನೇಟ ಆಯಿತು, ಕುಲದ ಲಿಂಗಕ್ಕೆ ತಕ್ಕಂತೆ ಪಿನ್ನೇಟಸ್ ಹೋಗಿ ಪಿನ್ನೇಟ. ಮಿಲೆಟಿಯ ಕುಲಕ್ಕೆ ಸೇರಿಸಿದವರೂ ಪಿನ್ನೇಟ ಬಿಡಲಿಲ್ಲ. ಗ್ಲೇಬ್ರ ಮತ್ತು ಇಂಡಿಕ ಎರಡೂ 1753ರ ನಂತರ ಬಂದ ಪದಗಳು, ಆದ್ದರಿಂದ ಸೋತವು. ಈಗ ಉಳಿದ ಪ್ರಶ್ನೆ ಒಂದೇ: ಹೊಂಗೆ ಪ್ರತ್ಯೇಕ ಕುಲವೋ, ಮಿಲೆಟಿಯ ಕುಲದ ಸದಸ್ಯನೋ? ಇದು ಕಾನೂನಿನ ಪ್ರಶ್ನೆಯಲ್ಲ, ವರ್ಗೀಕರಣದ ವಾದ. ಲಂಡನ್ನಿನ ಕ್ಯೂ ಉದ್ಯಾನದ ಪಟ್ಟಿ ಪೊಂಗೇಮಿಯ ಪಿನ್ನೇಟ ಎನ್ನುತ್ತದೆ. ನಾನೂ ಅದನ್ನೇ ಬಳಸುತ್ತೇನೆ.

ಹೆಸರಿನ ನಂತರ ಬರುವ ಲೇಖಕರ ಹೆಸರು ಈ ಇತಿಹಾಸದ ಸಂಕ್ಷೇಪ. ಹುಲಿಯನ್ನು ಪ್ಯಾಂಥೆರ ಟೈಗ್ರಿಸ್ (ಲಿನೇಯಸ್, 1758) ಎಂದು ಬರೆಯುತ್ತಾರೆ. ಆವರಣ ಚಿಹ್ನೆ ಇದ್ದರೆ ಲೇಖಕ ಮೂಲತಃ ಬೇರೆ ಕುಲದಲ್ಲಿ ಇಟ್ಟಿದ್ದ ಎಂದರ್ಥ, ಇಲ್ಲಿ ಬೆಕ್ಕಿನ ಕುಲವಾದ ಫೆಲಿಸ್‌ನಲ್ಲಿ. ಆನೆ ಎಲಿಫಸ್ ಮ್ಯಾಕ್ಸಿಮಸ್ ಲಿನೇಯಸ್, 1758. ಆವರಣವಿಲ್ಲ, ಕುಲ ಬದಲಾಗಿಲ್ಲ. ಸಸ್ಯಗಳಲ್ಲಿ ಕುಲ ಬದಲಿಸಿದವರ ಹೆಸರನ್ನೂ ಆವರಣದ ಹೊರಗೆ ಸೇರಿಸುತ್ತಾರೆ. ಹೊಂಗೆಯ ಹೆಸರಿನ ನಂತರ (ಎಲ್.) ಪಿಯೆರ್ ಎಂದಿರುವುದು ಹಾಗೆ, ‘ಎಲ್’ ಎಂದರೆ ಲಿನೇಯಸ್.

ಆದರೆ ಇನ್ನೂರು ವರ್ಷ ಹಿಂದಿನ ಎರಡು ಸಾಲಿನ ವಿವರಣೆ ಯಾವ ಜೀವಿಯನ್ನು ಸೂಚಿಸುತ್ತದೆ ಎಂದು ತಿಳಿಯುವುದು ಹೇಗೆ? ಅದಕ್ಕೇ ಟೈಪ್ ಮಾದರಿ. ಹೆಸರಿಡುವಾಗ ಲೇಖಕರು ಒಂದು ನಿರ್ದಿಷ್ಟ ಮಾದರಿಯನ್ನು ಹೋಲೋಟೈಪ್ ಎಂದು ಘೋಷಿಸುತ್ತಾರೆ. ಆ ಹೆಸರು ಎಂದೆಂದಿಗೂ ಆ ಒಂದು ಮಾದರಿಗೆ ಕಟ್ಟುಬಿದ್ದದ್ದು. ಹಳಬರು ಒಂದನ್ನೇ ಆರಿಸದೆ ಹಲವು ಮಾದರಿಗಳನ್ನು ಇಟ್ಟಿದ್ದರೆ ಅವು ಸಿನ್‌ಟೈಪ್‌ಗಳು. ಅವುಗಳಿಂದ ಮುಂದಿನವರು ಒಂದನ್ನು ಆರಿಸಿದರೆ ಲೆಕ್ಟೋಟೈಪ್. ಎಲ್ಲ ಕಳೆದುಹೋಗಿ, ಗೊಂದಲ ಬಗೆಹರಿಸಲು ಬೇರೆ ದಾರಿಯಿಲ್ಲದಿದ್ದರೆ ಹೊಸದಾಗಿ ಆರಿಸಿದ್ದು ನಿಯೋಟೈಪ್.

ಟೈಪ್ ಎಷ್ಟು ಮುಖ್ಯ ಎಂದು ನಮ್ಮ ಆನೆಯ ಕತೆಯಷ್ಟು ಚೆನ್ನಾಗಿ ಬೇರಾವುದೂ ತೋರಿಸುವುದಿಲ್ಲ. ಲಿನೇಯಸ್ 1758ರಲ್ಲಿ ಎಲಿಫಸ್ ಮ್ಯಾಕ್ಸಿಮಸ್ ಎಂದಾಗ ಏಷ್ಯಾ ಮತ್ತು ಆಫ್ರಿಕದ ಆನೆಗಳನ್ನು ಬೇರೆ ಮಾಡಿರಲಿಲ್ಲ. ಅವರ ಮುಂದೆ ಇದ್ದ ಮಾದರಿಗಳಲ್ಲಿ ಒಂದು ಮದ್ಯಸಾರದಲ್ಲಿಟ್ಟ ಆನೆಯ ಭ್ರೂಣ. ಆಂಸ್ಟರ್‌ಡ್ಯಾಮಿನ ಆಲ್ಬರ್ಟಸ್ ಸೀಬಾ ಎಂಬ ಸಂಗ್ರಾಹಕರ ಬಳಿ ಇದ್ದದ್ದು, ಈಗ ಸ್ಟಾಕ್‌ಹೋಮ್‌ನಲ್ಲಿದೆ. ಅದು ಏಷ್ಯಾದ್ದೇ ಎಂಬ ನಂಬಿಕೆ ಬಹುಕಾಲ ಇತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕರು ಅದರ ಪ್ರೋಟೀನು ಮತ್ತು ಡಿಎನ್‌ಎ ಪರೀಕ್ಷಿಸಿದಾಗ ಅದು ಆಫ್ರಿಕದ ಆನೆಯ ಭ್ರೂಣವೆಂದು ಗೊತ್ತಾಯಿತು. ಅದನ್ನೇ ಹೆಸರಿನ ಆಧಾರವಾಗಿಸಿದರೆ ಎಲಿಫಸ್ ಮ್ಯಾಕ್ಸಿಮಸ್ ಎಂಬ ಹೆಸರು ಆಫ್ರಿಕದ ಆನೆಗೆ ಹೋಗಿ, ನಾಗರಹೊಳೆಯ ಆನೆ ಹೆಸರಿಲ್ಲದೆ ನಿಲ್ಲಬೇಕಿತ್ತು. ಪಾರುಮಾಡಿದ್ದು ಲಿನೇಯಸ್‌ನ ಉಲ್ಲೇಖಗಳ ಪಟ್ಟಿ. ಅದರಲ್ಲಿ ಇಂಗ್ಲೆಂಡಿನ ನಿಸರ್ಗತಜ್ಞ ಜಾನ್ ರೇ ಅವರ ವಿವರಣೆಯಿತ್ತು, ರೇ ವಿವರಿಸಿದ್ದು ಫ್ಲಾರೆನ್ಸಿನಲ್ಲಿ ಕಂಡ ಅಸ್ಥಿಪಂಜರವನ್ನು. ಆ ಅಸ್ಥಿಪಂಜರ ಈಗಲೂ ಅಲ್ಲಿನ ಸಂಗ್ರಹಾಲಯದಲ್ಲಿದೆ, ಏಷ್ಯಾದ ಆನೆಯದ್ದೇ. ಸಂಶೋಧಕರು ಅದನ್ನು ಲೆಕ್ಟೋಟೈಪ್ ಎಂದು ಘೋಷಿಸಿದರು, ಹೆಸರು ಉಳಿಯಿತು.

ಕಳೆದುಹೋದ ಟೈಪ್‌ಗಳ ನೋವು ಬೆಂಗಳೂರಿಗೂ ಗೊತ್ತು. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ 1937ರಲ್ಲಿ ದಕ್ಷಿಣ ಭಾರತದ ಹಲವು ಕಪ್ಪೆಗಳಿಗೆ ಹೆಸರಿಟ್ಟರು. ಚಿಕ್ಕಮಗಳೂರಿನ ಕೊಟ್ಟಿಗೆಹಾರದ ಹೆಸರು ಹೊತ್ತ, ಈಗ ಮಿಕ್ರಿಕ್ಸಾಲಸ್ ಕುಲದಲ್ಲಿರುವ ಕುಣಿಯುವ ಕಪ್ಪೆ ಅವುಗಳಲ್ಲೊಂದು. ಕಾಲೇಜಿನಲ್ಲಿಟ್ಟಿದ್ದ ಅವರ ಟೈಪ್ ಮಾದರಿಗಳು ಕಾಣೆಯಾದವು. ಅವರು ಕೊಟ್ಟ ಹೆಸರುಗಳು ಯಾವ ಕಪ್ಪೆಗಳಿಗೆ ಸಲ್ಲುತ್ತವೆ ಎಂದು ಬಿಡಿಸಲು ಮುಂದಿನವರು ಅಪಾರ ಶ್ರಮಪಡಬೇಕಾಯಿತು. ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ 2010ರಲ್ಲಿ ರಾಓರ್ಕೆಸ್ಟಿಸ್ ಎಂದು ಹೆಸರಿಟ್ಟು ಅವರನ್ನು ಗೌರವಿಸಲಾಗಿದೆ. ನಮ್ಮ ಕಾಲೇಜುಗಳ ಕಪಾಟಿನಲ್ಲಿರುವ ಧೂಳು ಹಿಡಿದ ಸೀಸೆಗಳನ್ನು ಎಸೆಯುವ ಮುನ್ನ ದಯವಿಟ್ಟು ಚೀಟಿ ಓದಿ.

ಕಾನೂನೇ ಕೆಲವೊಮ್ಮೆ ಮೊದಲ ಹೆಸರಿನ ನಿಯಮವನ್ನು ಸಡಿಲಿಸುತ್ತದೆ. ಜಾಲಿ ಮರಗಳ ಅಕೇಶಿಯ ಕುಲ ಒಂದೇ ವಂಶವಲ್ಲವೆಂದು ಗೊತ್ತಾದಾಗ ಅದನ್ನು ಒಡೆಯಬೇಕಾಯಿತು. 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನ ಅಕೇಶಿಯ ಎಂಬ ಹೆಸರನ್ನು ಹೆಚ್ಚು ಪ್ರಭೇದಗಳಿರುವ ಆಸ್ಟ್ರೇಲಿಯದ ಗುಂಪಿಗೆ ಬಿಟ್ಟುಕೊಟ್ಟಿತು, 2011ರ ಮೆಲ್ಬರ್ನ್ ಸಮ್ಮೇಳನದಲ್ಲೂ ಅದೇ ನಿಂತಿತು. ನಮ್ಮ ಕರಿಜಾಲಿ ವಾಚೆಲಿಯ ನೈಲೋಟಿಕ ಆಯಿತು, ಕಗ್ಗಲಿ ಸೆನಿಗೇಲಿಯ ಕೆಟೆಚು ಆಯಿತು. ಆಫ್ರಿಕ ಮತ್ತು ಭಾರತದ ಮರಗಳಿಂದ ಆ ಹಳೆಯ ಹೆಸರು ಕೈಬಿಟ್ಟದ್ದು ಅನ್ಯಾಯ ಎನ್ನುವವರ ಮಾತಿನಲ್ಲಿ ಹುರುಳಿದೆ ಎಂದೇ ನನಗನ್ನಿಸುತ್ತದೆ. ಆದರೂ ತೀರ್ಮಾನ ಆದ ಮೇಲೆ ಎಲ್ಲರೂ ಒಂದೇ ಹೆಸರು ಬಳಸುವುದು ಕ್ಷೇಮ.

ಹಂತ 6: ಹೆಸರು ಕಟ್ಟಿ

ಎಲ್ಲ ಪರೀಕ್ಷೆ ಮುಗಿದು ನಿಜಕ್ಕೂ ಹೊಸದೇ ಎಂದಾದರೆ ಮಾತ್ರ ಈ ಹಂತ. ಕುಲದ ಹೆಸರು ನಾಮಪದ, ಅದಕ್ಕೆ ಲಿಂಗವಿರುತ್ತದೆ. ಎರಡನೇ ಪದ ವಿಶೇಷಣವಾದರೆ ಕುಲದ ಲಿಂಗಕ್ಕೆ ಹೊಂದಬೇಕು. ನಮ್ಮ ಗದ್ದೆಯ ದೊಡ್ಡ ಕಪ್ಪೆ ರಾನ ಕುಲದಲ್ಲಿದ್ದಾಗ 1802ರ ರಾನ ಟೈಗರಿನ, ಪುಲ್ಲಿಂಗದ ಹೋಪ್ಲೋಬಟ್ರಾಕಸ್ ಕುಲಕ್ಕೆ ಬಂದ ಮೇಲೆ ಟೈಗರಿನಸ್. ಊರಿನ ಹೆಸರಿಗೆ ‘ಎನ್ಸಿಸ್’ ಸೇರಿಸುವುದು ರೂಢಿ. ಒಬ್ಬ ಗಂಡಸಿನ ಗೌರವಕ್ಕೆ ‘ಐ’, ಹೆಂಗಸಿನ ಗೌರವಕ್ಕೆ ‘ಏ’, ಹಲವರಿಗೆ ‘ಓರಮ್’. ಅರುಣಾಚಲದ ಬುಗುನ್ ಜನರ ಹೆಸರಿನ ಹಕ್ಕಿ ಲಿಯೋಸಿಕ್ಲ ಬುಗುನೋರಮ್ ಆದದ್ದು ಹೀಗೆ.

ಲ್ಯಾಟಿನ್ ಪದವೇ ಬೇಕೆಂದಿಲ್ಲ. ಯಾವ ಭಾಷೆಯ ಪದವನ್ನೂ ನಾಮಪದವಾಗಿ ಹಾಗೆಯೇ ಇಡಬಹುದು, ಆಗ ಲಿಂಗಕ್ಕೆ ತಕ್ಕಂತೆ ಅದು ಬದಲಾಗುವುದಿಲ್ಲ. ಕುಂಬಾರ ಅಂಥದ್ದು. ಬೆಂಗಳೂರಿನ ಹೊರವಲಯದಿಂದ 2020ರಲ್ಲಿ ವಿವರಿಸಿದ ಬಿಲಗಪ್ಪೆ ಸ್ಫೀರೋಥೀಕ ಬೆಂಗಳೂರು, ಮಂಗಳೂರಿನ ಕೊಡಿಯಾಲ್ ಹೆಸರಿನ ಪುಟ್ಟ ಕಪ್ಪೆ ಮೈಕ್ರೋಹೈಲ ಕೊಡಿಯಾಲ್ ಕೂಡ ಅಂಥವೇ. ಕನ್ನಡ ಮತ್ತು ತುಳುನಾಡಿನ ಪದಗಳು ಹೀಗೆ ಜಗತ್ತಿನ ಪಟ್ಟಿ ಸೇರುವುದನ್ನು ಕಂಡರೆ ನನಗೆ ನಿಜವಾದ ಸಂತೋಷ.

ಪ್ರಾಣಿಗಳಲ್ಲಿ ಕುಲ, ಪ್ರಭೇದ ಎರಡಕ್ಕೂ ಒಂದೇ ಪದ ಬರಬಹುದು: ನಾಗರಹಾವು ನಾಜ ನಾಜ, ಚುಕ್ಕೆಜಿಂಕೆ ಏಕ್ಸಿಸ್ ಏಕ್ಸಿಸ್. ಸಸ್ಯಗಳಲ್ಲಿ ಇದಕ್ಕೆ ಅವಕಾಶವಿಲ್ಲ. ಸ್ವಂತ ಹೆಸರಿಡುವುದನ್ನು ನಿಯಮ ತಡೆಯುವುದಿಲ್ಲ, ಆದರೆ ಸಭ್ಯರು ಹಾಗೆ ಮಾಡುವುದಿಲ್ಲ.

ಹಂತ 7: ಪ್ರಕಟಿಸಿ, ಠೇವಣಿಯಿಡಿ

ಹೆಸರು ಹುಟ್ಟುವುದು ಪ್ರಕಟಣೆಯಲ್ಲಿ. ಪ್ರಾಣಿಗಳಿಗೆ ಬೇಕಾದದ್ದು: ಇದು ಹೊಸ ಪ್ರಭೇದ ಎಂಬ ಸ್ಪಷ್ಟ ಘೋಷಣೆ, ಇತರ ಪ್ರಭೇದಗಳಿಂದ ಪ್ರತ್ಯೇಕಿಸುವ ಲಕ್ಷಣಗಳ ವಿವರ, ಟೈಪ್‌ನ ಘೋಷಣೆ, ಅದನ್ನು ಇಟ್ಟಿರುವ ಸಂಗ್ರಹದ ಹೆಸರು. ಮುದ್ರಣವಿಲ್ಲದ ಇ-ಪ್ರಕಟಣೆಯಾದರೆ 2012ರಿಂದ ಪ್ರಾಣಿಗಳ ಹೆಸರುಗಳ ಅಧಿಕೃತ ನೋಂದಣಿ ತಾಣವಾದ ಝೂಬ್ಯಾಂಕ್‌ನಲ್ಲಿ ಮೊದಲೇ ನೋಂದಾಯಿಸಿರಬೇಕು. ಸಸ್ಯಗಳ ವಿವರಣೆ ಲ್ಯಾಟಿನ್ನಿನಲ್ಲೇ ಇರಬೇಕು ಎಂಬ ನಿಯಮ 2012ರಲ್ಲಿ ಸಡಿಲಾಯಿತು, ಈಗ ಇಂಗ್ಲಿಷ್ ಕೂಡ ಆಗುತ್ತದೆ. ಶಿಲೀಂಧ್ರಗಳ ಹೆಸರಿಗೆ 2013ರಿಂದ ನೋಂದಣಿ ಸಂಖ್ಯೆ ಕಡ್ಡಾಯ.

ವಿವರಣೆ ಬರುವ ಮುನ್ನವೇ ಪತ್ರಿಕೆಗೆ ಹೊಸ ಹೆಸರು ಹೇಳಿಬಿಡಬೇಡಿ. ವಿವರಣೆಯಿಲ್ಲದೆ ಹೊರಬಂದ ಹೆಸರು ಬರೀ ಶಬ್ದ. ಕಾನೂನು ಅದನ್ನು ಒಪ್ಪುವುದಿಲ್ಲ, ಓದುಗರು ಮಾತ್ರ ಅದನ್ನು ಬಿಡುವುದಿಲ್ಲ.

ಭಾರತದಲ್ಲಿ ಇನ್ನೊಂದು ಕಡ್ಡಾಯವಿದೆ. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಹೊಸ ಪ್ರಭೇದ ಕಂಡವರು ಅದನ್ನು ಸರಕಾರ ಗೊತ್ತುಪಡಿಸಿದ ಸಂಗ್ರಹ ಸಂಸ್ಥೆಗೆ ತಿಳಿಸಿ ಮಾದರಿಯನ್ನು ಅಲ್ಲಿ ಠೇವಣಿಯಿಡಬೇಕು. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣೆ ಮತ್ತು ಭಾರತೀಯ ಸಸ್ಯ ಸರ್ವೇಕ್ಷಣೆ ಅಂಥ ಸಂಸ್ಥೆಗಳು.

ಮಾದರಿ ಎಂದರೆ ಕೊಲ್ಲಲೇಬೇಕೆ? ಬುಗುನ್ ಹಕ್ಕಿಯನ್ನು ರಮಣ ಅತ್ರೇಯ 2006ರಲ್ಲಿ ವಿವರಿಸಿದಾಗ ಅದರ ಸಂಖ್ಯೆ ತೀರಾ ಕಡಿಮೆಯೆಂದು ಕಂಡು, ಬಲೆಗೆ ಸಿಕ್ಕಿದ್ದನ್ನು ಬಿಟ್ಟುಬಿಟ್ಟರು. ಗರಿಗಳು, ಚಿತ್ರಗಳು, ಧ್ವನಿಗಳ ಆಧಾರದಲ್ಲೇ ಹೆಸರಿಟ್ಟರು. ವಾದವಿವಾದ ನಡೆಯಿತು. ಅಂಥ ಅಪರೂಪದ ಹಕ್ಕಿಯ ವಿಷಯದಲ್ಲಿ ಅವರು ಮಾಡಿದ್ದೇ ಸರಿ ಎಂದು ನಾನು ನಂಬುತ್ತೇನೆ. ಪುಟ್ಟ ಕೀಟಗಳ, ಕಪ್ಪೆಗಳ ವಿಷಯದಲ್ಲಿ ಮಾತ್ರ ಚಿತ್ರದ ಮೇಲೆ ನಿಂತ ಹೆಸರು ಮುಂದಿನವರಿಗೆ ಒಗಟಾಗುವುದು ಖಂಡಿತ. ದೇಹದೊಳಗಿನ ಲಕ್ಷಣ ಬೇಕಾದಾಗ ಚಿತ್ರದಲ್ಲಿ ಹುಡುಕುವುದೆಲ್ಲಿ?

ಬರೆಯುವಾಗ, ಪರಿಶೀಲಿಸುವಾಗ

ರೋಮನ್ ಲಿಪಿಯಲ್ಲಿ ಬರೆಯುವಾಗ ಕುಲದ ಮೊದಲ ಅಕ್ಷರ ದೊಡ್ಡದು, ಪ್ರಭೇದದ ಪದವೆಲ್ಲ ಚಿಕ್ಕದು, ಎರಡೂ ಓರೆ ಅಕ್ಷರದಲ್ಲಿ. ಎರಡನೇ ಸಲ ಬಂದಾಗ ಕುಲವನ್ನು ಒಂದೇ ಅಕ್ಷರಕ್ಕೆ ಇಳಿಸಬಹುದು. ಸಸ್ಯದ ಹೆಸರು ಪರಿಶೀಲಿಸಲು ಕ್ಯೂ ಉದ್ಯಾನದ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್, ಕಪ್ಪೆಗಳಿಗೆ ಆಂಫಿಬಿಯನ್ ಸ್ಪೀಶೀಸ್ ಆಫ್ ದಿ ವರ್ಲ್ಡ್, ಹಾವು-ಹಲ್ಲಿಗಳಿಗೆ ರೆಪ್ಟೈಲ್ ಡೇಟಾಬೇಸ್. ನಿಮ್ಮ ದಾಖಲೆಯನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಐನ್ಯಾಚುರಲಿಸ್ಟ್‌ಗೋ ಸೇರಿಸಿದರೆ ತಿಳಿದವರು ತಿದ್ದುತ್ತಾರೆ.

ಪ್ರಭೇದದವರೆಗೆ ತಲುಪಲಾಗದಿದ್ದರೆ ಊಹಿಸಿ ಬರೆಯಬೇಡಿ. ಕುಲ ಮಾತ್ರ ಗೊತ್ತಿದ್ದರೆ ಕುಲದ ಹೆಸರಿನ ನಂತರ ‘ಎಸ್‌ಪಿ.’ ಎಂದು ಬರೆಯಿರಿ. ಒಂದು ಪ್ರಭೇದವನ್ನು ಬಹಳವಾಗಿ ಹೋಲುತ್ತದೆ ಆದರೆ ಹೋಲಿಸಿ ನೋಡುವುದು ಬಾಕಿಯಿದೆ ಎಂದಾದರೆ ನಡುವೆ ‘ಸಿಎಫ್.’ ಸೇರಿಸಿ. ಹತ್ತಿರದ ನೆಂಟ ಆದರೆ ಅದೇ ಅಲ್ಲ ಎಂದು ಖಚಿತವಾಗಿದ್ದರೆ ‘ಎಎಫ್‌ಎಫ್.’ ಸೇರಿಸಿ. ಕಪ್ಪೆಯ ಕೂಗು ಕೇಳಿ ಮಾತ್ರ ಬಂದಿದ್ದೀರಿ, ಕೈಗೆ ಸಿಗಲಿಲ್ಲ ಎಂದುಕೊಳ್ಳೋಣ. ‘ರಾಓರ್ಕೆಸ್ಟಿಸ್ ಎಸ್‌ಪಿ., ಕೂಗಿನ ದಾಖಲೆ’ ಎಂದು ದಿನಾಂಕ, ಸ್ಥಳದೊಂದಿಗೆ ಬರೆದು ಧ್ವನಿಯ ಕಡತವನ್ನು ಜೊತೆಗಿಡಿ.